ಬಟನ್ ಒತ್ತಿದರೆ ಫ್ಯಾನ್ ತಿರುಗಿ ನಿಲ್ಲುತ್ತದೆ: ಹಾರ್ಡ್‌ವೇರ್ ಕಲಿಕೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಕಂಪ್ಯೂಟರ್ ಹಾರ್ಡ್‌ವೇರ್ ಕಲಿಯಬೇಕು ಅಂತ ಆಸೆ. ಮನೆಯಲ್ಲಿ ಅಣ್ಣನ ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್ ಇದೆ. ಬಟನ್ ಒತ್ತಿದರೆ ಫ್ಯಾನ್ ಒಂದು ಕ್ಷಣ ತಿರುಗಿ ನಿಂತುಬಿಡುತ್ತದೆ. ಅಂಗಡಿಯವರು ತೆರೆದೂ ನೋಡದೆ 'ಮದರ್‌ಬೋರ್ಡ್ ಹೋಗಿದೆ' ಅಂದರು. ಇನ್ನೊಂದು ವಿಷಯ, ಪ್ಲಗ್ ಹಾಕಿದಾಗ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಎಲೆಕ್ಟ್ರಾನಿಕ್ಸ್ ಓದದೆ ಹಾರ್ಡ್‌ವೇರ್ ಕಲಿಯಬಹುದೇ? ಏನೇನು ಸಾಮಾನು ಬೇಕು?
(ಹಾವೇರಿ ಜಿಲ್ಲೆಯ ಓದುಗರೊಬ್ಬರು)

ಉತ್ತರ: ಬಾಕಿ ಎಲ್ಲಾ ಆಮೇಲೆ. ಮೊದಲು ಆ 'ಜುಮ್' ಅನ್ನುವ ವಿಷಯ ಮುಗಿಸೋಣ. ಅದನ್ನು ಸರಿ ಮಾಡಿಸದೆ ಕ್ಯಾಬಿನೆಟ್ ಬಿಚ್ಚಬೇಡಿ.

ನಿಮ್ಮ ಮನೆಯ ಆ ಸಾಕೆಟ್‌ಗೆ ಅರ್ತಿಂಗ್ ಇಲ್ಲ, ಅಥವಾ ಇದ್ದರೂ ಎಲ್ಲೋ ಕಿತ್ತುಹೋಗಿದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ, ಉದ್ದಕ್ಕೆ ಇರುವ ಪಿನ್ನೇ ಅರ್ತ್. ಅದು ಕ್ಯಾಬಿನೆಟ್ಟಿನ ತಗಡಿಗೆ ನೇರವಾಗಿ ಸೇರಿರುತ್ತದೆ. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯೊಳಗೆ, ಕರೆಂಟ್ ಒಳಗೆ ಬರುವ ಜಾಗದಲ್ಲೇ ಎರಡು ಚಿಕ್ಕ ಕೆಪಾಸಿಟರ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಇರುತ್ತವೆ. ಒಂದು ಫೇಸ್‌ನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಎಸ್‌ಎಂಪಿಎಸ್ ಎಬ್ಬಿಸುವ ಗಲಾಟೆ ಮನೆಯ ವೈರಿಂಗಿಗೆ ಹೋಗದ ಹಾಗೆ ಸೋಸುವುದು ಅವುಗಳ ಕೆಲಸ. ಅರ್ತಿಂಗ್ ಇದ್ದರೆ ಅದೆಲ್ಲಾ ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ತಗಡು 230 ವೋಲ್ಟಿನ ನಡುಮಧ್ಯೆ, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಂತಿರುತ್ತದೆ. ಆ ಕೆಪಾಸಿಟರ್‌ಗಳು ತೀರಾ ಚಿಕ್ಕವು. ಅವುಗಳ ಮೂಲಕ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ ಕರೆಂಟ್ ಹರಿಯುತ್ತದೆ. ಅದಕ್ಕೇ ಕೈ ಜುಮ್ ಅಂದು ಸುಮ್ಮನಾಗುತ್ತದೆ. ಆದರೆ ನಾಳೆ ಒಳಗೆ ಫೇಸ್ ವೈರ್ ತಗಡಿಗೆ ತಾಗಿದರೆ ಪೂರಾ 230 ವೋಲ್ಟ್ ನಿಮ್ಮ ಕೈಗೆ ಬರುತ್ತದೆ. ಆಗ ಕಾಪಾಡೋಕೆ ಏನೂ ಇರುವುದಿಲ್ಲ.

ಇದನ್ನು ನೋಡೋಕೆ ವೈರಿಂಗ್ ಬಲ್ಲ ಎಲೆಕ್ಟ್ರಿಷಿಯನ್‌ನ ಕರೆಸಿ. ಅವರು ಅಳೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇರಬೇಕು. ಫೇಸ್–ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ತ್ ನಡುವೆ ಒಂದೆರಡು ವೋಲ್ಟ್ ಮಾತ್ರ. ಕೆಲವರು ಕೆಲಸ ಬೇಗ ಮುಗಿಸೋಕೆ ಸಾಕೆಟ್ಟಿನೊಳಗೆ ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೆ ಒಂದು ತುಂಡು ವೈರಿನಿಂದ ಸೇರಿಸಿಬಿಡುತ್ತಾರೆ. ಜುಮ್ ಅನ್ನುವುದೇನೋ ನಿಲ್ಲುತ್ತದೆ. ಆದರೆ ಯಾವತ್ತಾದರೂ ನ್ಯೂಟ್ರಲ್ ಕಟ್ ಆದರೆ ಕ್ಯಾಬಿನೆಟ್ಟಿಗೇ ಫೇಸ್ ಬಂದು ನಿಲ್ಲುತ್ತದೆ. ಹಾಗೆ ಮಾಡೋಕೆ ಬಿಡಬೇಡಿ. ಅರ್ತ್ ಪಿಟ್‌ನಿಂದ ಬಂದ ವೈರೇ ಬೇಕು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದೆಯೂ ಕಂಪ್ಯೂಟರ್ ಜೋಡಿಸಬಹುದು. ರ‍್ಯಾಮ್ ಅದರ ಜಾಗದಲ್ಲಿ ಮಾತ್ರ ಕೂರುತ್ತದೆ, ಪ್ರೊಸೆಸರ್ ಸಾಕೆಟ್ಟಿನ ಮೂಲೆಯಲ್ಲಿ ತ್ರಿಕೋನದ ಗುರುತು ಇರುತ್ತದೆ, ಕನೆಕ್ಟರ್‌ಗಳು ಉಲ್ಟಾ ಹೋಗದ ಹಾಗೆ ಮಾಡಿರುತ್ತಾರೆ. ಒಂದೆರಡು ವಾರ ಕೈಯಾಡಿಸಿದರೆ ಸಾಕು. ಆದರೆ ಕೆಟ್ಟದ್ದನ್ನು ಸರಿ ಮಾಡೋದು ಬೇರೆ ಕೆಲಸ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕರೆಂಟ್ ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ? ಇದಕ್ಕೆ ಉತ್ತರ ಹುಡುಕುವಷ್ಟು ಎಲೆಕ್ಟ್ರಾನಿಕ್ಸ್ ಬೇಕೇ ಬೇಕು. ಹೆದರಬೇಡಿ, ಅದು ಬಹಳ ಇಲ್ಲ. ಬಿ.ಕಾಂ. ಓದಿದವರಿಗೆ ಲೆಕ್ಕದ ಭಯ ಹೇಗೂ ಇರೋದಿಲ್ಲ. ಇಲ್ಲಿ ಬರುವುದು ಗುಣಾಕಾರ, ಭಾಗಾಕಾರ ಅಷ್ಟೇ.

ಮೊಬೈಲ್ ಚಾರ್ಜರ್ ತೆಗೆದು ಅದರ ಮೇಲಿನ ಸಣ್ಣ ಅಕ್ಷರ ಓದಿ. 'ಔಟ್‌ಪುಟ್ 5 ವೋಲ್ಟ್, 2 ಆಂಪಿಯರ್' ಅಂತ ಇರಬಹುದು. 5ನ್ನು 2ರಿಂದ ಗುಣಿಸಿದರೆ 10 ವ್ಯಾಟ್. ಇದರಲ್ಲಿ ವೋಲ್ಟ್ ಅನ್ನೋದು ಚಾರ್ಜರ್ ಕೊಡುವುದು. ಆಂಪಿಯರ್ ಅನ್ನೋದು ಫೋನ್ ಎಳೆದುಕೊಳ್ಳುವುದು. 2 ಆಂಪಿಯರ್ ಅಂದರೆ ಅಷ್ಟನ್ನು ಫೋನಿಗೆ ತುರುಕುತ್ತದೆ ಅಂತಲ್ಲ, ಬೇಕಾದರೆ ಅಷ್ಟರವರೆಗೆ ಕೊಡಬಲ್ಲದು ಅಂತ. ಒಂದೇ ಆಂಪಿಯರ್ ಬೇಕಾದ ಫೋನ್ ಅದರಿಂದ ಒಂದೇ ಆಂಪಿಯರ್ ತೆಗೆದುಕೊಳ್ಳುತ್ತದೆ. ಕಲಿಯುವವರು ಎಲ್ಲಕ್ಕಿಂತ ಜಾಸ್ತಿ ಎಡವುವುದು ಇಲ್ಲೇ. 'ಜಾಸ್ತಿ ವ್ಯಾಟಿನ ಎಸ್‌ಎಂಪಿಎಸ್ ಹಾಕಿದರೆ ಬೋರ್ಡ್ ಸುಟ್ಟುಹೋಗುತ್ತಾ?' ಅಂತ ಕೇಳುತ್ತಾರೆ. ಹೋಗೋದಿಲ್ಲ. ವೋಲ್ಟ್ ಜಾಸ್ತಿಯಾದರೆ ಸುಡುತ್ತದೆ. ಆಂಪಿಯರ್ ಕೊಡುವ ಶಕ್ತಿ ಜಾಸ್ತಿ ಇದ್ದರೆ ಒಳ್ಳೆಯದೇ.

ಇದೇ ಲೆಕ್ಕವನ್ನು ನಿಮ್ಮ ಡೆಸ್ಕ್‌ಟಾಪ್‌ಗೆ ಹಾಕಿ. 65 ವ್ಯಾಟಿನ ಪ್ರೊಸೆಸರ್ ಪೂರ್ತಿ ಕೆಲಸ ಮಾಡುತ್ತಿದೆ ಅಂದುಕೊಳ್ಳಿ. ಎಸ್‌ಎಂಪಿಎಸ್‌ನಿಂದ ಅದರ ಹತ್ತಿರಕ್ಕೆ ಬರುವುದು 12 ವೋಲ್ಟ್. 65ನ್ನು 12ರಿಂದ ಭಾಗಿಸಿದರೆ ಸುಮಾರು 5.4 ಆಂಪಿಯರ್. ಆದರೆ ಪ್ರೊಸೆಸರಿಗೆ 12 ವೋಲ್ಟ್ ನೇರವಾಗಿ ಕೊಡೋಕಾಗಲ್ಲ, ಅದು ಕೆಲಸ ಮಾಡೋದು ಒಂದು, ಒಂದೂಕಾಲು ವೋಲ್ಟಿನಲ್ಲಿ. 1.2 ವೋಲ್ಟ್ ಅಂತ ಹಿಡಿದರೆ 54 ಆಂಪಿಯರ್ ಆಯಿತು! ಮನೆಯ ದೊಡ್ಡ ಪವರ್ ಪ್ಲಗ್ ತಡೆಯೋದೇ 16 ಆಂಪಿಯರ್. ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್ ತುಂಡಿಗೆ ಅದರ ಮೂರುಪಟ್ಟು ಹರಿಯುತ್ತದೆ. ಪ್ರೊಸೆಸರ್ ಸುತ್ತ ಸಾಲಾಗಿ ನಿಂತಿರುವ ಚೌಕದ ಕಾಯಿಲ್‌ಗಳು, ದುಂಡನೆಯ ಕೆಪಾಸಿಟರ್‌ಗಳು, ಕಪ್ಪು ಚಪ್ಪಟೆ ಮಾಸ್‌ಫೆಟ್‌ಗಳು ಇರುವುದೇ ಈ ಕೆಲಸಕ್ಕೆ. ಮಾಸ್‌ಫೆಟ್ ಅಂದರೆ ಸೆಕೆಂಡಿಗೆ ಲಕ್ಷಾಂತರ ಸಲ ಆನ್–ಆಫ್ ಆಗುವ ಸ್ವಿಚ್. 12 ವೋಲ್ಟನ್ನು ಅದು ತುಂಡು ತುಂಡಾಗಿ ಬಿಡುತ್ತದೆ. ಕಾಯಿಲ್ ಮತ್ತು ಕೆಪಾಸಿಟರ್ ಆ ತುಂಡುಗಳನ್ನು ಸಮ ಮಾಡಿ ಕಡಿಮೆ ವೋಲ್ಟಾಗಿ ಕೊಡುತ್ತವೆ. ಮದರ್‌ಬೋರ್ಡಿನಲ್ಲಿ ಹೆಚ್ಚು ಬಿಸಿಯಾಗುವ, ಹೆಚ್ಚು ಕೆಡುವ ಜಾಗಗಳಲ್ಲಿ ಇದೊಂದು.

ಎಸ್‌ಎಂಪಿಎಸ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಇನ್ನೂ ದೊಡ್ಡ ಮಟ್ಟದಲ್ಲಿ. 230 ವೋಲ್ಟ್ ಎಸಿಯನ್ನು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳಿಂದ ಡಿಸಿ ಮಾಡುತ್ತದೆ. ಎಸಿಯ ತುದಿ 230ಕ್ಕಿಂತ ಮೇಲಿರುತ್ತದೆ, 1.414ರಿಂದ ಗುಣಿಸಬೇಕು. ಹಾಗಾಗಿ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ. ಆ 325 ವೋಲ್ಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಅಷ್ಟು ವೇಗವಾಗಿ ಕತ್ತರಿಸುವುದರಿಂದಲೇ ಟ್ರಾನ್ಸ್‌ಫಾರ್ಮರ್ ಅಷ್ಟು ಪುಟ್ಟದಿದ್ದರೂ ನಡೆಯುತ್ತದೆ. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು, ಜೀವಕ್ಕೆ ಅಪಾಯ ಆಗುವಷ್ಟು. ಆದ್ದರಿಂದ ಕಲಿಯುವ ಹಂತದಲ್ಲಿ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಲೇಬೇಡಿ. ಹೊರಗೆ ಬರುವ ವೈರ್‌ಗಳಿಂದಲೇ ಅದರ ಆರೋಗ್ಯ ತಿಳಿಯಬಹುದು.

ಆ ವೈರ್‌ಗಳ ಬಣ್ಣಕ್ಕೆ ಅರ್ಥವಿದೆ. ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್, ಕಪ್ಪು ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್. ಇವು ನಾಲ್ಕು ಎಲ್ಲರಿಗೂ ಗೊತ್ತಿರುತ್ತವೆ. ನಿಮಗೆ ಈಗ ಬೇಕಾಗಿರುವುದು ಬೇರೆ ಮೂರು: ನೇರಳೆ, ಹಸಿರು, ಬೂದು. ಬಟನ್ ಒತ್ತಿದಾಗ ಏನಾಗುತ್ತದೆ ಅನ್ನುವ ಕತೆ ಪೂರ್ತಿ ಈ ಮೂರು ವೈರಿನಲ್ಲಿದೆ.

ಪ್ಲಗ್ ಹಾಕಿ ಸ್ವಿಚ್ ಹಾಕಿದ ಕೂಡಲೇ, ನೀವು ಬಟನ್ ಮುಟ್ಟುವ ಮೊದಲೇ, ನೇರಳೆ ವೈರಿನಲ್ಲಿ 5 ವೋಲ್ಟ್ ಬಂದಿರುತ್ತದೆ. ಇದನ್ನು ಸ್ಟ್ಯಾಂಡ್‌ಬೈ ಅನ್ನುತ್ತಾರೆ. ಕಂಪ್ಯೂಟರ್ ಆಫ್ ಇದ್ದಾಗಲೂ ಬೋರ್ಡಿನ ಒಂದು ಭಾಗ ಇದರಿಂದ ಎಚ್ಚರವಾಗಿರುತ್ತದೆ. ಕ್ಯಾಬಿನೆಟ್ಟಿನ ಪವರ್ ಬಟನ್ ದೊಡ್ಡ ಸ್ವಿಚ್ ಏನಲ್ಲ. ಬೋರ್ಡಿನ ಎರಡು ಸಣ್ಣ ಪಿನ್‌ಗಳನ್ನು ಒಂದು ಕ್ಷಣ ಸೇರಿಸುತ್ತದೆ ಅಷ್ಟೇ. ಎಚ್ಚರವಾಗಿರುವ ಆ ಭಾಗ ಇದನ್ನು ಗಮನಿಸಿ ಹಸಿರು ವೈರನ್ನು ಗ್ರೌಂಡಿಗೆ ಎಳೆಯುತ್ತದೆ. ಹಸಿರು ವೈರ್ ಗ್ರೌಂಡಿಗೆ ಇಳಿದರೆ ಎಸ್‌ಎಂಪಿಎಸ್‌ಗೆ 'ಪೂರ್ತಿ ಶುರು ಮಾಡು' ಅಂತ ಸೂಚನೆ. ಫ್ಯಾನ್ ತಿರುಗುತ್ತದೆ, 12, 5, 3.3 ಎಲ್ಲಾ ಏರುತ್ತವೆ. ಎಲ್ಲವೂ ಸ್ಥಿರವಾದ ಮೇಲೆ, ಹತ್ತನೇ ಒಂದು ಸೆಕೆಂಡಿನಿಂದ ಅರ್ಧ ಸೆಕೆಂಡಿನೊಳಗೆ, ಎಸ್‌ಎಂಪಿಎಸ್ ಬೂದು ವೈರಿನಲ್ಲಿ 5 ವೋಲ್ಟ್ ಕೊಡುತ್ತದೆ. 'ನನ್ನ ಕಡೆ ಎಲ್ಲಾ ಸರಿ' ಅಂತ ಅದರ ಅರ್ಥ. ಅದು ಬರುವವರೆಗೂ ಬೋರ್ಡ್ ಪ್ರೊಸೆಸರನ್ನು ರೀಸೆಟ್‌ನಲ್ಲಿ ಹಿಡಿದಿಟ್ಟಿರುತ್ತದೆ. ಬಂದ ಮೇಲೆ ಬಿಡುತ್ತದೆ. ಆಗ ಪ್ರೊಸೆಸರ್ ಬಯೋಸ್ ಚಿಪ್ಪಿನಿಂದ ತನ್ನ ಮೊದಲ ಸೂಚನೆ ಓದಿ, ರ‍್ಯಾಮ್, ಡಿಸ್‌ಪ್ಲೇ, ಡಿಸ್ಕ್ ಒಂದೊಂದಾಗಿ ತಪಾಸಣೆ ಮಾಡುತ್ತದೆ.

ಇದು ಮನಸ್ಸಿನಲ್ಲಿ ಕೂತರೆ ನಿಮ್ಮ ಕಂಪ್ಯೂಟರ್ ಏನು ಹೇಳುತ್ತಿದೆ ಅಂತ ಓದಬಹುದು. ಫ್ಯಾನ್ ಒಂದು ಕ್ಷಣ ತಿರುಗಿತು ಅಂದರೆ ನೇರಳೆ ಇದೆ, ಬಟನ್ ಕೆಲಸ ಮಾಡುತ್ತಿದೆ, ಹಸಿರು ಇಳಿದಿದೆ, ಎಸ್‌ಎಂಪಿಎಸ್ ಶುರುವಾಗಿದೆ. ಆಮೇಲೆ ನಿಂತಿದೆ. ಅಂದರೆ ಎಲ್ಲೋ ಶಾರ್ಟ್ ಇದ್ದು ಎಸ್‌ಎಂಪಿಎಸ್ ತನ್ನನ್ನು ತಾನೇ ಬಂದ್ ಮಾಡಿಕೊಂಡಿದೆ, ಇಲ್ಲವೇ ಅದಕ್ಕೇ ಭಾರ ಹೊರುವ ಶಕ್ತಿ ಹೋಗಿದೆ. ಮದರ್‌ಬೋರ್ಡ್ ಹೋಗಿರಬಹುದು, ಇಲ್ಲ ಅನ್ನೋಕಾಗಲ್ಲ. ಆದರೆ ಅದು ಪಟ್ಟಿಯ ಕೊನೆಯಲ್ಲಿ ಬರಬೇಕಾದ ಹೆಸರು. ಒಂದು ಬೋರ್ಡಿಗೆ ಹಾಗೆ ಹೆಸರಿಟ್ಟು ಮೂಲೆಗೆ ಹಾಕಿಸುವ ಮೊದಲು ಹತ್ತು ನಿಮಿಷ ಅಳೆದು ನೋಡುವುದು ರಿಪೇರಿಯವರ ಕರ್ತವ್ಯ ಅಂತ ನಾನು ನಂಬಿದ್ದೇನೆ.

ಇನ್ನು ಕೈಯಿಂದ ಮಾಡುವ ಕೆಲಸ. ಪ್ಲಗ್ ತೆಗೆಯಿರಿ. ಪವರ್ ಬಟನ್ ಒಂದೆರಡು ಸಲ ಒತ್ತಿ, ಬೋರ್ಡಿನಲ್ಲಿ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಸಿಂಥೆಟಿಕ್ ಬಟ್ಟೆ, ಕಾರ್ಪೆಟ್ ಬೇಡ. ಬರಿಗಾಲಿನಲ್ಲಿ ಕೂತು, ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡು ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್ ಚಾರ್ಜ್ ಸಾವಿರಾರು ವೋಲ್ಟ್ ಇರಬಹುದು. ನಮಗೆ ಚುರುಕ್ ಅನ್ನೋಕೂ ಮೂರು ಸಾವಿರದಷ್ಟು ಬೇಕು. ಚಿಪ್ ಕೆಡೋಕೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ನಮ್ಮ ಕಡೆಯ ಬೇಸಿಗೆಯ ಒಣ ಹವೆಯಲ್ಲಿ ಇದರ ಕಾಟ ಜಾಸ್ತಿ.

ಆಮೇಲೆ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು, ಮುಂಭಾಗದ ಯುಎಸ್‌ಬಿ ಕೇಬಲ್, ಎಲ್ಲವನ್ನೂ ಬಿಡಿಸಿ. ಬೋರ್ಡ್, ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್ ಉಳಿಯಲಿ. ಈಗ ಆನ್ ಆಗಿ, ಆಫ್ ಆಗದೆ ಹಾಗೇ ಓಡುತ್ತಿದ್ದರೆ ತೆಗೆದಿಟ್ಟದ್ದರಲ್ಲಿ ಒಂದು ಕಳ್ಳ ಇದೆ. ಒಂದೊಂದಾಗಿ ಸೇರಿಸುತ್ತಾ ಹೋಗಿ, ಸೇರಿಸುವಾಗೆಲ್ಲಾ ಪ್ಲಗ್ ತೆಗೆದಿರಬೇಕು. ಮುಂಭಾಗದ ಯುಎಸ್‌ಬಿ ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಪೆನ್ ಡ್ರೈವ್ ಒತ್ತಾಯದಿಂದ ತುರುಕಿ ಪಿನ್ ಬಗ್ಗಿ ಒಂದಕ್ಕೊಂದು ತಾಗಿದ್ದರೆ ಇಡೀ ಕಂಪ್ಯೂಟರ್ ಏಳದಿರಬಹುದು. ಒಂದು ಬಗ್ಗಿದ ಪಿನ್ನಿಗಾಗಿ ಬೋರ್ಡ್ ಬದಲಾಯಿಸಿದವರಿದ್ದಾರೆ. ಬಟನ್ ಒಳಗೇ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ಬಟನ್ನನ್ನು ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಕಂಪ್ಯೂಟರ್ ಆಫ್ ಆಗಬೇಕು ಅನ್ನೋದು ನಿಯಮ. ಹಾಗಾಗಿ ಸರಿಯಾಗಿ ನಾಲ್ಕು ಸೆಕೆಂಡಿಗೆ ನಿಲ್ಲುತ್ತಿದ್ದರೆ ತಪ್ಪು ಬಟನ್ನಿನದ್ದೇ ಇರಬಹುದು.

ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಕಾಲುಗಳನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಇನ್ನೂ ಒಳ್ಳೆಯದು, ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಬೇರೆ ರ‍್ಯಾಮ್ ಹಾಕಿ ನೋಡುವುದಾದರೆ ಅದೇ ಜಾತಿಯದ್ದು ಬೇಕು. ಹತ್ತು ವರ್ಷದ ಹಿಂದಿನ ಕಂಪ್ಯೂಟರಿನಲ್ಲಿ ಡಿಡಿಆರ್3 ಅಥವಾ ಡಿಡಿಆರ್4 ಇರುತ್ತದೆ. ಮೊದಲನೆಯದು 1.5 ವೋಲ್ಟಿನದ್ದು, ಎರಡನೆಯದು 1.2 ವೋಲ್ಟಿನದ್ದು. ಅದಲುಬದಲಾಗಬಾರದು ಅಂತಲೇ ಕೆಳಗಿನ ಕಚ್ಚಿನ ಜಾಗ ಬೇರೆ ಬೇರೆ ಇಟ್ಟಿದ್ದಾರೆ. ಕೂರುತ್ತಿಲ್ಲ ಅಂದರೆ ಒತ್ತಬೇಡಿ.

ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸಿಆರ್2032, 3 ವೋಲ್ಟ್. ಅದು ಸತ್ತರೆ ಗಡಿಯಾರ, ಸೆಟ್ಟಿಂಗ್ ಮರೆತುಹೋಗುತ್ತವೆ, ಫ್ಯಾನ್ ನಿಲ್ಲೋಕೆ ಸಾಮಾನ್ಯವಾಗಿ ಅದು ಕಾರಣವಲ್ಲ. ಹೇಗೂ ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೈಯಲ್ಲಿರುತ್ತದೆ, ಅಳೆಯಿರಿ. 2.7ರ ಕೆಳಗಿದ್ದರೆ ಬದಲಾಯಿಸಿ.

ಮಲ್ಟಿಮೀಟರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ನಿಮ್ಮ ಮುಖ್ಯ ಸಾಮಾನು. ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಂಪ್ಯೂಟರಿನ ಒಳಗಿನ 3, 5, 12 ವೋಲ್ಟಿಗೆ ಅದು ಸಾಕು. ಆದರೆ ಅಗ್ಗದ ಮೀಟರನ್ನು 230 ವೋಲ್ಟಿನ ಸಾಕೆಟ್ಟಿಗೆ ಹಾಕಬೇಡಿ. ಪ್ರೋಬಿನ (ಅಳೆಯೋಕೆ ಹಿಡಿಯುವ ವೈರಿನ) ಇನ್ಸುಲೇಷನ್ ತೆಳುವಾಗಿರುತ್ತದೆ. ಕಪ್ಪು ಪ್ರೋಬ್ ಯಾವಾಗಲೂ 'ಕಾಮ್' ತೂತಿನಲ್ಲಿ. ಕೆಂಪು ಪ್ರೋಬ್ 'ವೋಲ್ಟ್–ಓಮ್' ತೂತಿನಲ್ಲಿ. ಪಕ್ಕದಲ್ಲೇ '10 ಆಂಪಿಯರ್' ಅಂತ ಇನ್ನೊಂದು ತೂತು ಇರುತ್ತದೆ. ಕೆಂಪು ಪ್ರೋಬ್ ಅಲ್ಲಿದ್ದು ವೋಲ್ಟ್ ಅಳೆಯೋಕೆ ಹೋದರೆ ಮೀಟರ್ ದಪ್ಪ ತಂತಿಯ ಹಾಗೆ ಎರಡೂ ತುದಿ ಸೇರಿಸಿಬಿಡುತ್ತದೆ. ಫ್ಯೂಸ್ ಇಲ್ಲದ ಮೀಟರ್ ಆದರೆ ಕಿಡಿ ಹಾರುತ್ತದೆ. ಪ್ರತಿ ಸಲ ಪ್ರೋಬ್ ಇಡುವ ಮೊದಲು ಡಯಲ್ ನೋಡಿ, ತೂತು ನೋಡಿ. ಇನ್ನೊಂದು, ಓಮ್ (ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವುದು) ಮತ್ತು ಬೀಪ್ ಬರುವ ಕಂಟಿನ್ಯುಟಿ ಅಳತೆಯನ್ನು ಪ್ಲಗ್ ತೆಗೆದು ಮಾತ್ರ ಮಾಡಬೇಕು.

ಡಯಲನ್ನು ಡಿಸಿ 20 ವೋಲ್ಟಿಗೆ ಇಡಿ. ಪ್ಲಗ್ ಹಾಕಿ. 24 ಪಿನ್ನಿನ ದೊಡ್ಡ ಕನೆಕ್ಟರ್ ಬೋರ್ಡಿನಲ್ಲೇ ಇರಲಿ. ಕಪ್ಪು ಪ್ರೋಬನ್ನು ಕಪ್ಪು ವೈರಿನ ಹಿಂಭಾಗದ ಸಂದಿಗೆ, ಕೆಂಪನ್ನು ನೇರಳೆ ವೈರಿನ ಸಂದಿಗೆ ಇಳಿಸಿ. 4.75ರಿಂದ 5.25ರೊಳಗೆ ಬಂದರೆ ಸರಿ. ಈಗ ಹಸಿರು. ಬಟನ್ ಒತ್ತುವ ಮೊದಲು 2 ವೋಲ್ಟಿಗಿಂತ ಮೇಲೆ ಇರಬೇಕು, ಒತ್ತಿದಾಗ ಸೊನ್ನೆಯ ಹತ್ತಿರ ಬೀಳಬೇಕು. ಫ್ಯಾನ್ ತಿರುಗುವ ಆ ಕ್ಷಣದಲ್ಲಿ ಹಳದಿ ಎಲ್ಲಿವರೆಗೆ ಏರಿತು, ಬೂದು ಬಂತೋ ಇಲ್ಲವೋ ಅಂತ ಮತ್ತೆ ಮತ್ತೆ ಒತ್ತಿ ನೋಡಿ. ಮೀಟರ್ ನಿಧಾನ, ಸರಿಯಾದ ಅಂಕಿ ಸಿಗದಿರಬಹುದು. ಏರಿತೋ ಇಲ್ಲವೋ ಅನ್ನೋದು ಗೊತ್ತಾದರೂ ಸಾಕು.

ನಂತರ ಪ್ಲಗ್ ತೆಗೆದು ಎಸ್‌ಎಂಪಿಎಸ್ಸನ್ನು ಬೋರ್ಡಿನಿಂದ ಪೂರ್ತಿ ಬಿಡಿಸಿ. ಪೇಪರ್ ಕ್ಲಿಪ್ ಒಂದನ್ನು 'ಯು' ಆಕಾರಕ್ಕೆ ಬಗ್ಗಿಸಿ, ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಸೇರಿಸಿ. ಒಂದು ಹಳೆಯ ಹಾರ್ಡ್ ಡಿಸ್ಕನ್ನೋ ಕ್ಯಾಬಿನೆಟ್ ಫ್ಯಾನನ್ನೋ ಅದಕ್ಕೆ ಸಿಕ್ಕಿಸಿ, ಸ್ವಲ್ಪ ಭಾರ ಇರಲಿ. ಆಮೇಲೆ ಸ್ವಿಚ್ ಹಾಕಿ. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47. ಇದರ ಹೊರಗಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ. ವೈರ್‌ಗಳೆಲ್ಲಾ ಕಪ್ಪು ಬಣ್ಣದವೇ ಇದ್ದರೆ ಈ ಪ್ರಯೋಗ ಮಾಡೋಕೆ ಹೋಗಬೇಡಿ, ಪಿನ್ನಿನ ನಕ್ಷೆ ಕೈಯಲ್ಲಿದ್ದರೆ ಮಾತ್ರ ಮಾಡಿ.

ಒಂದು ಮಾತು ನೆನಪಿಡಿ. ಇಷ್ಟೆಲ್ಲಾ ಸರಿ ಬಂದರೂ ಎಸ್‌ಎಂಪಿಎಸ್ ಒಳ್ಳೆಯದಿದೆ ಅಂತ ಹೇಳೋಕಾಗಲ್ಲ. ಖಾಲಿ ಇದ್ದಾಗ 12 ತೋರಿಸಿ, ಪ್ರೊಸೆಸರ್ ಎಳೆದಾಗ ಕುಸಿಯುವ ಎಸ್‌ಎಂಪಿಎಸ್‌ಗಳು ಬೇಕಾದಷ್ಟಿವೆ. ಹತ್ತು ವರ್ಷ ಹಳೆಯದು ಅಂದಮೇಲೆ ಅನುಮಾನ ಇನ್ನೂ ಜಾಸ್ತಿ. ಒಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳಲ್ಲಿ ದ್ರವ ಇರುತ್ತದೆ, ಬಿಸಿಗೆ ವರ್ಷ ವರ್ಷ ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಕಡಿಮೆಯಾದರೆ ಆಯಸ್ಸು ಎರಡುಪಟ್ಟು ಅನ್ನೋದು ಈ ಕಸುಬಿನಲ್ಲಿ ಎಲ್ಲರೂ ಬಳಸುವ ಅಂದಾಜು. ಹಾಗಾಗಿ ಸ್ನೇಹಿತರ ಕಂಪ್ಯೂಟರಿನಿಂದ ಚೆನ್ನಾಗಿರುವ ಎಸ್‌ಎಂಪಿಎಸ್ ಒಂದನ್ನು ತಂದು ಹಾಕಿ ನೋಡಿ. ನಿಮ್ಮ ವರ್ಣನೆ ಓದಿದರೆ ನನ್ನ ಮೊದಲ ಅನುಮಾನ ಇದರ ಮೇಲೇ. ಹೊಸದು ಕೊಳ್ಳುವುದಾದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನೋಡಬೇಡಿ. ಲೇಬಲ್ಲಿನಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಅಲ್ಲಿ 14 ಅಂತಿದ್ದರೆ 14 ಗುಣಿಸು 12, ಅಂದರೆ 168 ವ್ಯಾಟ್. ಮೇಲೆ 450 ಅಂತ ಬರೆದಿದ್ದರೂ ನಿಮ್ಮ ಕೆಲಸಕ್ಕೆ ಬರುವುದು ಅಷ್ಟೇ.

ಬೇರೆ ಎಸ್‌ಎಂಪಿಎಸ್‌ನಲ್ಲೂ ಹಾಗೇ ನಿಂತರೆ ಬೋರ್ಡಿನ ಕಡೆ ತಿರುಗಿ. ಪ್ರೊಸೆಸರ್ ಹತ್ತಿರದ ನಾಲ್ಕು ಪಿನ್ನಿನ ಕನೆಕ್ಟರ್ ಬಿಡಿಸಿ. ಪ್ಲಗ್ ಹಾಕಿರಬಾರದು. ಬೋರ್ಡಿನ ಕಡೆಯ ಸಾಕೆಟ್ಟಿನಲ್ಲಿ ಹಳದಿ ಬರುವ ಪಿನ್ನಿಗೂ ಕಪ್ಪು ಬರುವ ಪಿನ್ನಿಗೂ ನಡುವೆ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ಬಂದು ಬೀಪ್ ನಿಲ್ಲದಿದ್ದರೆ ಮಾಸ್‌ಫೆಟ್ ಒಂದು ಶಾರ್ಟ್ ಆಗಿರುವ ಸಾಧ್ಯತೆ ಬಹಳ. ಆದರೆ ಕಾಯಿಲ್‌ಗಳ ಆಚೆ ಬದಿ, ಅಂದರೆ ಪ್ರೊಸೆಸರ್ ಕಡೆ ಅಳೆದು 'ಒಂದೆರಡು ಓಮ್ ಬಂತು, ಶಾರ್ಟ್' ಅಂತ ಗಾಬರಿಯಾಗಬೇಡಿ. ಅಷ್ಟೊಂದು ಆಂಪಿಯರ್ ಎಳೆಯುವ ಪ್ರೊಸೆಸರ್ ಕೂತಿರುವಾಗ ಅಲ್ಲಿ ಓಮ್ ಕಡಿಮೆಯೇ ಇರುತ್ತದೆ. ಕಣ್ಣಿನಿಂದಲೂ ನೋಡಿ: ತಲೆ ಉಬ್ಬಿದ ಕೆಪಾಸಿಟರ್, ಸುಟ್ಟ ಕಲೆ, ಬೋರ್ಡಿನ ಅಡಿಯಲ್ಲಿ ಬಿದ್ದಿರುವ ಸ್ಕ್ರೂ. ಉಬ್ಬುವ ಕೆಪಾಸಿಟರ್‌ಗಳ ಕಾಟ 2000ದ ದಶಕದ ಬೋರ್ಡ್‌ಗಳಲ್ಲಿ ವಿಪರೀತ ಇತ್ತು. ನಿಮ್ಮ ಬೋರ್ಡಿನ ಕಾಲಕ್ಕೆ ಪ್ರೊಸೆಸರ್ ಸುತ್ತ ಹೆಚ್ಚಾಗಿ ಘನ ಪಾಲಿಮರ್ ಕೆಪಾಸಿಟರ್ ಬಂದಿದ್ದವು, ಅವು ಅಷ್ಟಾಗಿ ಉಬ್ಬುವುದಿಲ್ಲ.

ಇದರ ಜೊತೆಗೆ ಸಂಜೆ ಹೊತ್ತು ಕಲಿಯೋಕೆ ಒಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಸಿಕ್ಕಿಸುವ ಹಲಗೆ), 9 ವೋಲ್ಟಿನ ಬ್ಯಾಟರಿ, ಕೆಲವು ಎಲ್‌ಇಡಿ, 1 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್, ಬಿಸಿ547 ಟ್ರಾನ್ಸಿಸ್ಟರ್ ಎರಡು ತಂದಿಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋದಾಗ ಇವೆಲ್ಲಾ ಚಿಲ್ಲರೆ ಕಾಸಿಗೆ ಸಿಗುತ್ತವೆ. ಹುಬ್ಬಳ್ಳಿಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಲ್ಲೂ ಕೇಳಿ ನೋಡಿ.

ಮೊದಲು ಎಲ್‌ಇಡಿ ಜೊತೆ 1 ಕಿಲೋಓಮ್ ರೆಸಿಸ್ಟರ್ ಸಾಲಾಗಿ ಸೇರಿಸಿ ಬ್ಯಾಟರಿಗೆ ಕೊಡಿ. ಕಂದು, ಕಪ್ಪು, ಕೆಂಪು ಪಟ್ಟಿ ಇರುವುದೇ ಆ ರೆಸಿಸ್ಟರ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನು ಇಟ್ಟುಕೊಳ್ಳುತ್ತದೆ. ಉಳಿದ 7 ವೋಲ್ಟ್ ರೆಸಿಸ್ಟರಿನ ಮೇಲೆ. 7 ಭಾಗಿಸು 1000, ಅಂದರೆ 7 ಮಿಲಿಆಂಪಿಯರ್. ಓಮ್ ಅವರ ನಿಯಮ ಇಷ್ಟೇ. ಲೆಕ್ಕ ಮಾಡಿದ್ದನ್ನು ಮೀಟರಿನಿಂದ ಅಳೆದು ನೋಡಿ, ಎರಡೂ ಹೊಂದಿದಾಗ ಆಗುವ ಖುಷಿಯೇ ಬೇರೆ. ಆಮೇಲೆ ಎಲ್‌ಇಡಿ–ರೆಸಿಸ್ಟರ್ ಜೋಡಿಗೆ ಅಡ್ಡಲಾಗಿ ಕೆಪಾಸಿಟರ್ ಸೇರಿಸಿ. ಅದರ ಮೈಮೇಲಿನ ಪಟ್ಟಿಯ ಕಡೆ ಮೈನಸ್, ಉಲ್ಟಾ ಹಾಕಿದರೆ ಸಿಡಿಯಬಹುದು. ಬ್ಯಾಟರಿ ತೆಗೆದ ಮೇಲೂ ಎಲ್‌ಇಡಿ ಒಂದೆರಡು ಸೆಕೆಂಡ್ ಉರಿದು ಮೆಲ್ಲಗೆ ಆರುತ್ತದೆ. ಪ್ಲಗ್ ತೆಗೆದ ಮೇಲೂ ಬೋರ್ಡಿನ ಪುಟ್ಟ ದೀಪ ಸ್ವಲ್ಪ ಹೊತ್ತು ಉರಿಯುವುದು ಇದೇ ಕಾರಣಕ್ಕೆ.

ಇನ್ನು ಟ್ರಾನ್ಸಿಸ್ಟರ್. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ ಇರಲಿ, ಕಾಲು ಕೆಳಗೆ. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರ್ ಬ್ಯಾಟರಿಯ ಮೈನಸ್‌ಗೆ. ಪ್ಲಸ್‌ನಿಂದ ರೆಸಿಸ್ಟರ್, ಎಲ್‌ಇಡಿ ಮೂಲಕ ಕಲೆಕ್ಟರಿಗೆ. ಬೇಸ್ ಖಾಲಿ ಇದ್ದರೆ ದೀಪ ಇಲ್ಲ. 10 ಕಿಲೋಓಮ್ ಮೂಲಕ ಬೇಸನ್ನು ಪ್ಲಸ್‌ಗೆ ಮುಟ್ಟಿಸಿ, ದೀಪ ಬಂತು. ಒಂದು ಮಿಲಿಆಂಪಿಯರಿಗೂ ಕಡಿಮೆ ಕರೆಂಟ್ 7 ಮಿಲಿಆಂಪಿಯರನ್ನು ಆನ್–ಆಫ್ ಮಾಡುತ್ತಿದೆ. ಈಗ ಆ ರೆಸಿಸ್ಟರ್ ತೆಗೆದು ಒದ್ದೆ ಬೆರಳನ್ನು ಪ್ಲಸ್‌ಗೂ ಬೇಸ್‌ಗೂ ಒಟ್ಟಿಗೆ ಇಡಿ. 9 ವೋಲ್ಟಿಗೆ ಏನೂ ಆಗೋದಿಲ್ಲ. ಬೆರಳಿನ ಮೂಲಕ ಹರಿದ ಅಷ್ಟು ಚೂರು ಕರೆಂಟಿಗೇ ದೀಪ ಮಿಣುಕುತ್ತದೆ.

ಎರಡು ಟ್ರಾನ್ಸಿಸ್ಟರನ್ನು ಒಂದರ ಕೆಳಗೊಂದು ಸಾಲಾಗಿ ಇಟ್ಟು, ಎರಡಕ್ಕೂ ಬೇರೆ ಬೇರೆ 10 ಕಿಲೋಓಮ್ ಕೊಡಿ. ಎರಡೂ ಬೇಸ್ ಪ್ಲಸ್‌ಗೆ ಹೋದಾಗ ಮಾತ್ರ ದೀಪ ಪೂರ್ತಿ ಉರಿಯುತ್ತದೆ. 'ಇದೂ ಹೌದು, ಅದೂ ಹೌದು' ಅನ್ನುವ ತೀರ್ಮಾನವನ್ನು ನಿಮ್ಮ ಕೈಯಲ್ಲಿರುವ ಎರಡು ಸ್ವಿಚ್ ತೆಗೆದುಕೊಂಡವು. ಪ್ರೊಸೆಸರ್ ಮಾಡುವ ಕೂಡುವುದು, ಹೋಲಿಸುವುದು, ಎಲ್ಲವೂ ಇಂಥ ಸಣ್ಣ ತೀರ್ಮಾನಗಳನ್ನು ಜೋಡಿಸಿ ಆದದ್ದು. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. 1971ರಲ್ಲಿ ಇಂಟೆಲ್ ತಂದ 4004 ಅನ್ನುವ ಪ್ರೊಸೆಸರಿನಲ್ಲಿ ಸುಮಾರು 2,300 ಇದ್ದವು. ಹತ್ತು ವರ್ಷದ ಹಿಂದಿನ ಸಾಮಾನ್ಯ ನಾಲ್ಕು ಕೋರಿನ ಡೆಸ್ಕ್‌ಟಾಪ್ ಪ್ರೊಸೆಸರಿನಲ್ಲಿ ನೂರು ಕೋಟಿಗೂ ಜಾಸ್ತಿ ಇರುತ್ತವೆ.

ಸೋಲ್ಡರಿಂಗ್ ಐರನ್ನಿಗೆ ಅವಸರ ಬೇಡ. ಮೀಟರ್ ಹಿಡಿಯುವ ಕೈ ಪಳಗಲಿ. ಕೊಂಡಾಗ 25 ವ್ಯಾಟಿನದ್ದು ಸಾಕು. ಸತ್ತ ಬೋರ್ಡುಗಳನ್ನು ಗುಜರಿಯಿಂದ ತಂದು ಅದರ ಮೇಲೆ ಬಿಡಿಸಿ, ಬೆಸೆದು ಅಭ್ಯಾಸ ಮಾಡಿ. ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ದೊಡ್ಡ ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೋರ್ಸ್ ಸೇರುವ ಯೋಚನೆ ಇದ್ದರೆ ಸದ್ಯಕ್ಕೆ ತಡೆಯಿರಿ. ಮೊದಲು ಈ ಕಂಪ್ಯೂಟರ್ ಒಂದನ್ನು ಪೂರ್ತಿ ಅರ್ಥ ಮಾಡಿಕೊಳ್ಳಿ. ಆಸೆ ಹಾಗೇ ಉಳಿದರೆ ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಅನ್ನುವ ಟ್ರೇಡ್ ಇದೆ, ಅದನ್ನು ವಿಚಾರಿಸಿ.

ಅರ್ತಿಂಗ್ ಸರಿಯಾದ ಮೇಲೆ ಅಳತೆ ಶುರು ಮಾಡಿ. ನನಗೆ ಮತ್ತೆ ಬರೆಯುವಾಗ ಇಷ್ಟು ಇರಲಿ: ನೇರಳೆ ವೈರಿನ ವೋಲ್ಟ್, ಬಟನ್ ಒತ್ತುವ ಮೊದಲು ಮತ್ತು ಒತ್ತಿದಾಗ ಹಸಿರಿನ ವೋಲ್ಟ್, ಬೂದು ಬಂತೋ ಇಲ್ಲವೋ, ಬೇರೆ ಎಸ್‌ಎಂಪಿಎಸ್ ಹಾಕಿದಾಗ ಏನಾಯಿತು, ನಾಲ್ಕು ಪಿನ್ನಿನ ಸಾಕೆಟ್ಟಿನಲ್ಲಿ ಎಷ್ಟು ಓಮ್. ಜೊತೆಗೆ ಬೋರ್ಡಿನ ಮೇಲೆ ಅಚ್ಚಾಗಿರುವ ಮಾಡೆಲ್ ನಂಬರ್.